ತಮ್ಮನ ಬೆನ್ನುನೋವು

ಬಡಗಿ ಅಂಗಡಿಯ ಮೇಸ್ತ್ರಿಗೆ ಆ ದಿನ ಖುಷಿಯೋ ಖುಷಿ. ಬೆಳಿಗ್ಗೆಯಿಂದ ಅವನ ತಮ್ಮ ಯಾರ ಮೇಲೂ ಹಾರಾಡಿರಲಿಲ್ಲ.

ಅಂಗಡಿಯವರು ತಮ್ಮನಿಗೆ ಇಟ್ಟಿದ್ದ ಹೆಸರು ಪಟಾಕಿ. ಹೋದ ವರ್ಷ ಹೆಂಡತಿ ಜ್ವರದಲ್ಲಿ ತೀರಿಕೊಂಡಾಗ ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ವಾರ ಕಳೆಯುವುದರೊಳಗೆ ಬಂದು ಗರಗಸ ಹಿಡಿದ. "ಗಂಡಸು ಅಂದ್ರೆ ಹೀಗಿರ್ಬೇಕು" ಎಂದು ಮೇಸ್ತ್ರಿ ಎಲ್ಲರೆದುರು ಅವನ ಬೆನ್ನು ತಟ್ಟಿದ್ದ. ಆಮೇಲೆ ಶುರುವಾಯಿತು ನೋಡಿ. ಅಳತೆ ಒಂದು ಕೂದಲೆಳೆ ತಪ್ಪಿದರೆ ಬೈಗುಳ, ಗಿರಾಕಿ ತುಟಿ ಬಿಚ್ಚಿದರೆ ಜಗಳ. ಒಮ್ಮೆ ಗೋಂದಿನ ಡಬ್ಬಿಯನ್ನೇ ಗೋಡೆಗೆ ಎಸೆದಿದ್ದ. ಸಾಲದ್ದಕ್ಕೆ ಬೆನ್ನುನೋವು ಬೇರೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆಯಲ್ಲಿ ಏನೂ ಇಲ್ಲ ಎಂದರು. ಆದರೂ ಮೇಸ್ತ್ರಿ ಪ್ರತಿ ಸಂಜೆ ಅಂಗಿ ಬಿಚ್ಚಿಸಿ ತಾನೇ ಮುಲಾಮು ತಿಕ್ಕುತ್ತಿದ್ದ. ಆಗ ಮಾತ್ರ ತಮ್ಮ ತೆಪ್ಪಗೆ ಕೂರುತ್ತಿದ್ದ. ಮರದ ವಿಷಯ ಬಿಟ್ಟರೆ ಅಣ್ಣತಮ್ಮಂದಿರಿಗೆ ಬೇರೆ ಮಾತೇ ಇರಲಿಲ್ಲ.

ಆ ಅಂಗಡಿಯಲ್ಲಿ ಒಬ್ಬರ ಉಳಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದರ ಹಿಡಿ ಸವೆದು ಒಬ್ಬನ ಅಂಗೈಗೇ ಒಗ್ಗಿರುತ್ತದೆ. ಅಪ್ಪಿತಪ್ಪಿ ಪಟಾಕಿಯ ಉಳಿಗೆ ಕೈ ಹಾಕಿದವನ ಕಥೆಯಂತೂ ಮುಗಿದಂತೆಯೇ. ಅಂಥ ಪಟಾಕಿ ಈ ದಿನ ತನ್ನ ಅಗಲದ ಉಳಿಯನ್ನು ಕಿಟಕಿ ಕೆಲಸದವನಿಗೆ ಕೊಟ್ಟ. ಸಣ್ಣವನ್ನೆಲ್ಲ ಕೆತ್ತನೆಯವನ ಮುಂದಿಟ್ಟ.

"ಏನ್ ಪಟಾಕಿ, ಮದ್ದಿಗೆ ನೀರು ಬಿತ್ತಾ?" ಎಂದು ಕೆತ್ತನೆಯವನು ಕಿಚಾಯಿಸಿದ.

"ಇಟ್ಕೋ. ತುಕ್ಕು ಹಿಡಿಸ್ಬೇಡ" ಎಂದ ತಮ್ಮ. ಬೈಯಲಿಲ್ಲ, ನಕ್ಕ.

ಅಂತೂ ಇವನು ದಾರಿಗೆ ಬಂದ ಎಂದುಕೊಂಡ ಮೇಸ್ತ್ರಿ. ಮರದೊಳಗಿನ ಬಿರುಕನ್ನು ತಟ್ಟಿ ನೋಡಿ ಹೇಳಬಲ್ಲ ಮನುಷ್ಯ, ತಮ್ಮನ ವಿಷಯದಲ್ಲಿ ಶುದ್ಧ ಪೆದ್ದ.

ಊಟದ ಹೊತ್ತಿಗೆ ಪಟಾಕಿ ಅಪ್ಪನ ಕಾಲದ ಹತ್ತರಿ ತಂದು ಅಣ್ಣನ ಮುಂದಿಟ್ಟ. ಮರ ನಯಮಾಡುವ ಆ ಹತ್ತರಿಗಾಗಿ ಅಪ್ಪ ಸತ್ತಾಗ ಇಬ್ಬರೂ ಮುಖ ನೋಡದಷ್ಟು ಜಗಳವಾಡಿದ್ದರು.

"ತಗೋ ಅಣ್ಣ. ನಿಂಗೇ ಸೇರ್ಬೇಕಾಗಿತ್ತು."

"ಈಗ್ಲಾದ್ರೂ ಬುದ್ಧಿ ಬಂತಲ್ಲ!" ಮೇಸ್ತ್ರಿಯ ಮುಖ ಅರಳಿತು.

"ಬೆನ್ನು ನೋಯ್ತಿದೆ. ಮನೆಗೆ ಹೋಗ್ತೀನಿ."

"ಹೋಗಿ ಮಲ್ಕೋ. ಸಂಜೆ ಬಂದು ತಿಕ್ತೀನಿ."

ತಮ್ಮ ಅವನನ್ನೇ ಒಂದು ಗಳಿಗೆ ನೋಡಿ ಹೊರಟುಹೋದ.

ಊಟ ಮುಗಿಸಿ ಮೇಸ್ತ್ರಿ ಆಸೆಯಿಂದ ಹತ್ತರಿ ಹಿಡಿದ. ಹಲಗೆಯ ಮೇಲೆ ಅದು ಮುಗ್ಗರಿಸಿತು. ಹಿಡಿಯೆಲ್ಲ ತಮ್ಮನ ಕೈಗೆ ಒಗ್ಗಿಹೋಗಿತ್ತು. ಇದನ್ನೂ ಕೊಟ್ಟುಬಿಟ್ಟನಲ್ಲ, ನಾಳೆ ಏನು ಹಿಡಿದು ಕೆಲಸ ಮಾಡ್ತಾನೆ ಎಂದುಕೊಳ್ಳುತ್ತ ತಮ್ಮನ ಸಲಕರಣೆ ಪೆಟ್ಟಿಗೆ ತೆರೆದು ನೋಡಿದ. ತಳದಲ್ಲಿ ಮರದ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ. ನಾಳೆ ಬರುವವನು ಹೀಗೆ ಪೆಟ್ಟಿಗೆ ಖಾಲಿ ಮಾಡುವುದಿಲ್ಲ.

ಚಪ್ಪಲಿ ಕೂಡ ಮೆಟ್ಟದೆ ಓಡಿದ. ತಮ್ಮನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ದಬದಬ ಬಡಿದ. ಸದ್ದಿಲ್ಲ.

"ಲೋ! ಮೊಂಡು ಹತ್ತರಿ ಕೊಟ್ಟು ಟೋಪಿ ಹಾಕ್ತೀಯೇನೋ? ತೆಗಿಯೋ ಬಾಗಿಲು!"

ಅವನ ಬಾಯಿಗೆ ಬಂದದ್ದು ಅಷ್ಟೇ. ಅಷ್ಟು ವಯಸ್ಸಾದರೂ ಬೈಯುವುದು ಬಿಟ್ಟು ಬೇರೆ ಕಲಿತಿರಲಿಲ್ಲ. ಭುಜ ಕೊಟ್ಟು ತಳ್ಳಿದ. ಆ ಬಾಗಿಲನ್ನು ಮಾಡಿದವನು ತಾನೇ, ಗಟ್ಟಿಯಾಗಿಯೇ ಮಾಡಿದ್ದ. ಕೊನೆಗೆ ಹಣೆಯನ್ನು ಅದಕ್ಕೇ ಒತ್ತಿ ನಿಂತ.

"ನಂಗೆ ಭಯ ಆಗ್ತಿದೆ ಕಣೋ" ಎಂದ. "ತೆಗಿಯೋ, ನಿನ್ ದಮ್ಮಯ್ಯ."

ಒಳಗೆ ಸ್ಟೂಲು ಎಳೆದ ಸದ್ದಾಯಿತು. ಮೇಸ್ತ್ರಿ ಬಾಗಿಲಿಗೆ ಕಿವಿಯೊತ್ತಿದ. ಎಷ್ಟೋ ಹೊತ್ತಿನ ಮೇಲೆ ಚಿಲಕ ಸರಿಯಿತು.

ತಮ್ಮನ ಮುಖ ಬಿಳಿಚಿಕೊಂಡಿತ್ತು. ಅಣ್ಣನ ಒದ್ದೆ ಕೆನ್ನೆಯನ್ನು ಅವನು ಎಂದೂ ಕಾಣದ್ದನ್ನು ಕಂಡಂತೆ ನೋಡಿದ. ಮೇಸ್ತ್ರಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ಹೊಸ್ತಿಲ ಮೇಲೇ ಕುಸಿದು ಕೂತರು.

"ಅಣ್ಣ, ನಂಗೆ ಬೆನ್ನು ಯಾವತ್ತೂ ನೋಯ್ತಿರ್ಲಿಲ್ಲ" ಎಂದ ತಮ್ಮ.

ಗೊತ್ತಿತ್ತು ಎನ್ನಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಗೊತ್ತಿರಲಿಲ್ಲವಲ್ಲ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.