ಗುಂಡ್ಲುಪೇಟೆ ಕಳ್ಳಿ

ಶನಿವಾರ ಕಾಲೇಜು ಬಿಟ್ಟ ಕೂಡಲೇ ಶಾಂತಮಲ್ಲಮ್ಮ ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದಳು. ಸೋಮವಾರ ಅವಳು ನೋಡಿಕೊಳ್ಳುವ ಕಾಲೇಜು ಲೈಬ್ರರಿಯ ತಪಾಸಣೆ. ಪುಸ್ತಕಗಳೆಲ್ಲ ಇದ್ದರೆ ಮೂರು ವರ್ಷದ ಅವಳ ತಾತ್ಕಾಲಿಕ ಕೆಲಸ ಕಾಯಂ ಆಗುತ್ತದೆ, ಇಲ್ಲದಿದ್ದರೆ ಮನೆ ದಾರಿ. ಮೂರು ಪುಸ್ತಕ ಕಪಾಟಿನಲ್ಲಿರಲಿಲ್ಲ. ಭೀಮನಬೀಡಿನಿಂದ ಕಾಲೇಜಿಗೆ ಬರುವ ಮೂವರು ಹುಡುಗಿಯರಿಗೆ ಕಾರ್ಡಿಲ್ಲದಿದ್ದರೂ, ರಿಜಿಸ್ಟರಿನಲ್ಲಿ ಬರೆಯದೆ, ಅವುಗಳನ್ನು ಕೊಟ್ಟವಳು ಅವಳೇ; ಗುರುವಾರ ತಂದುಕೊಡುವುದಾಗಿ ಅವರು ಹೇಳಿದ್ದರು.

ತಪಾಸಣೆ ಮಾಡುವವರು ಸಸ್ಯಶಾಸ್ತ್ರದ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ. ಚಾಮರಾಜನಗರದ ಮನುಷ್ಯ. ಅಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಇಂಟರ್‌ನೆಟ್ಟಿನ ಯಾವುದೋ ಕೂಟಕ್ಕೆ ಬರೆಯುತ್ತಾರೆ. ಅಲ್ಲಿಂದ ಮುದ್ರಿಸಿ ತಂದ ಹಾಳೆಗಳನ್ನು ಸ್ಟಾಫ್ ರೂಮಿನಲ್ಲಿ ಒಬ್ಬರೇ ಓದಿಕೊಂಡು ನಗುತ್ತಾರೆ. ಹೋದ ವಾರ ಅವಳು ಹತ್ತಿರ ಬಂದಾಗ ಹಾಳೆ ಮಡಚಿ, "ಹೊರಗಿನವರಿಗೆ ಹೇಳೋ ಹಾಗಿಲ್ಲ ಮೇಡಂ" ಅಂದಿದ್ದರು. ಮಡಚುವ ಮೊದಲು 'ಗುಂಡ್ಲುಪೇಟೆ' ಎಂಬ ಪದ ಅವಳ ಕಣ್ಣಿಗೆ ಬಿದ್ದಿತ್ತು. ತನ್ನ ಪುಸ್ತಕಗಳ ವಿಷಯವೇ ಇರಬೇಕೆಂದು ಅಂದಿನಿಂದ ಅವಳಿಗೆ ಅನುಮಾನ.

ಸೆಂಟರಿನ ಮಾಲೀಕ ಪುಣಜನೂರಿನ ಮಾದೇಶ. ಇಂಟರ್‌ನೆಟ್ಟಿಗೆಂದು ಮೈಸೂರಿಗೆ ಫೋನ್ ಲೈನು ಸಿಗಲು ಅರ್ಧ ಗಂಟೆ ಹಿಡಿಯಿತು. ಸ್ವಾಮಿ ಮೇಷ್ಟ್ರ ಕೂಟ ತೋರಿಸಿ ಎಂದಳು. ಪರದೆಯ ಮೇಲೆ ತಲೆಬರಹಗಳ ಪಟ್ಟಿ ಮೆಲ್ಲಗೆ ಮೂಡಿತು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ.

"ಇದರ ಒಳಗೆ?"

"ಒಳಗೆ ಓಗಕಾಗಲ್ಲ ಕಣಕ್ಕ. ಒಳಗಿರೋರು ಯಾರಾರ ಕರೀಬೇಕು. ನಾನೇ ದಿನಾ ಲೈನ್ ಹಾಕ್ಕೊಡ್ತೀನಿ, ನನ್ನೇ ಕರ್ದಿಲ್ಲ ಬುಡಿ. ಮದುವೆ ಮನೇಲಿ ಚಪ್ಪಲಿ ಕಾಯೋನಂಗೆ ಆಗದೆ ನನ್ ಕತೆ!"

ಅವಳಿಗೆ ನಗು ಬರಲಿಲ್ಲ. ಮೂರನೆಯ ಸಾಲನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು. ಗುಂಡ್ಲುಪೇಟೆ ಕಲ್ಲಿ. ಕಲ್ಲಿ ಎಂದರೇನು? ಇಂಗ್ಲಿಷಿನಲ್ಲಿ ಲ, ಳ ಎರಡೂ ಒಂದೇ ಎಂಬುದು ಹೊಳೆದಾಗ ಪರದೆಯ ಹತ್ತಿರಕ್ಕೆ ಬಾಗಿದಳು. ಗುಂಡ್ಲುಪೇಟೆ ಕಳ್ಳಿ: ಫೋಟೋ ಸಿಕ್ಕಿದೆ. ಅದರ ಕೆಳಗೆ, ಗುಂಡ್ಲುಪೇಟೆ ಕಳ್ಳಿ: ಹೆಸರು ಗೊತ್ತಾಯಿತು. ಬರೆದವರು ಮಲ್ಲಿಕಾರ್ಜುನಸ್ವಾಮಿ. ಉತ್ತರಗಳು ಹದಿನಾಲ್ಕು.

ಹದಿನಾಲ್ಕು ಜನ ಅವಳ ಬಗ್ಗೆ ಮಾತಾಡಿ ಮುಗಿಸಿದ್ದರು. ಅವಳು ಆ ಕೂಟದ ಬಾಗಿಲ ಹೊರಗೆ ನಿಂತಿದ್ದಳು.

ಪುಟದ ಕೊನೆಯಲ್ಲಿ 'ಕೂಟದವರಿಗೆ ಬರೆಯಿರಿ' ಎಂಬ ಖಾಲಿ ಚೌಕವಿತ್ತು. ನಾಲ್ಕು ಸಲ ಬರೆದು ಅಳಿಸಿದಳು. ಐದನೆಯ ಸಲ ಹೀಗೆ ಬರೆದಳು: "ನಾನು ಕಳ್ಳಿ ಅಲ್ಲ. ಆ ಮೂರು ಪುಸ್ತಕಗಳು ಗುರುವಾರ ವಾಪಸು ಬರುತ್ತವೆ. ಶಾಂತಮಲ್ಲಮ್ಮ, ಲೈಬ್ರರಿ." ಗುಂಡಿ ಒತ್ತಿದಳು. ಒತ್ತಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಮಾದೇಶನಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಟೆಂಡರ್ ಬಸವಮ್ಮ ಲೈಬ್ರರಿಯ ಬೀಗ ತೆಗೆಯುತ್ತಾ, "ಯಾಕವ್ವಾ, ಮೊಖ ಇಂಗಾಗದೆ? ಉಂಡಿಲ್ವಾ?" ಅಂದಳು. ಅಷ್ಟರಲ್ಲಿ ಮಲ್ಲಿಕಾರ್ಜುನಸ್ವಾಮಿ ಬಂದರು. ಬಸವಮ್ಮನನ್ನು ನೀರು ತರಲು ಕಳಿಸಿ, ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಒಂದು ಅವಳು ಕೂಟಕ್ಕೆ ಬರೆದ ಪತ್ರ. ಇನ್ನೊಂದರಲ್ಲಿ ಬಂಡೆಯ ಸಂದಿಯಲ್ಲಿ ನಿಂತ, ಮುಳ್ಳು ತುಂಬಿದ ಒಂದು ಗಿಡ.

"ಇದು ಮೇಡಂ ಗುಂಡ್ಲುಪೇಟೆ ಕಳ್ಳಿ. ಬಂಡೆ ಸಂದೀಲಿ ಸಿಕ್ತು, ಅಪರೂಪದ್ದು. ಜಾಗ ಗೊತ್ತಾದ್ರೆ ಬೇರು ಸಮೇತ ಕಿತ್ಕೊಂಡು ಹೋಗ್ತಾರೆ, ಅದಕ್ಕೇ ಕೂಟದ ಬಾಗಿಲು ಹಾಕಿರೋದು. ನೀವು ಯಾವ ಕಳ್ಳಿ ಅಂದ್ಕೊಂಡ್ರಿ?"

ಅವಳ ಎದೆ ಹಗುರಾಯಿತು, ಒಂದೇ ಒಂದು ಉಸಿರಿನಷ್ಟು ಹೊತ್ತು.

"ಅದಿರಲಿ," ಅವರು ಕುರ್ಚಿ ಎಳೆದುಕೊಂಡರು. "ಈ ಮೂರು ಪುಸ್ತಕ ಯಾರ ಹತ್ರ ಇವೆ?"

ತನ್ನ ಗುಟ್ಟನ್ನು ತಾನೇ ಕೈಯಾರೆ ಬರೆದು ಕಳಿಸಿದ್ದಳು. ಈಗ ಹೆಸರು ಹೇಳಿದರೆ, ಕಾರ್ಡಿಲ್ಲದೆ ಪುಸ್ತಕ ಒಯ್ದದ್ದಕ್ಕೆ ಆ ಹುಡುಗಿಯರ ಪರೀಕ್ಷೆಯ ಹಾಲ್ ಟಿಕೆಟ್ಟು ಆಫೀಸಿನಲ್ಲೇ ಉಳಿಯುತ್ತದೆ. ಹೇಳದಿದ್ದರೆ ಕಳ್ಳಿ ಅವಳೇ. ಗಿಡದ ಚಿತ್ರವನ್ನೇ ನೋಡುತ್ತಾ ನಿಂತಳು.

"ಹೊರಗಿನವರಿಗೆ ಹೇಳೋ ಹಾಗಿಲ್ಲ ಸರ್."

ಮಲ್ಲಿಕಾರ್ಜುನಸ್ವಾಮಿ ತಲೆಯೆತ್ತಿದರು. ಹೊರಗೆ ಬಸವಮ್ಮ ಕೊಡ ಇಳಿಸಿದ ಸದ್ದಾಯಿತು. ಅವರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ಗುರುವಾರ ಅಂತ ಬರೆದಿದ್ದೀರಿ. ಖಂಡಿತಾನಾ?"

"ಖಂಡಿತ ಸರ್."

ಅವರು ಎದ್ದು ಲೈಬ್ರರಿಯ ಆ ತುದಿಯ ಕಪಾಟಿಗೆ ಹೋಗಿ ಮೊದಲ ಪುಸ್ತಕ ಹೊರತೆಗೆದು, ಧೂಳು ಊದಿದರು.

"ನಿಧಾನಕ್ಕೆ ಎಣಿಸೋಣ ಬನ್ನಿ. ಗುರುವಾರದವರೆಗೂ ಹಿಡಿಯುತ್ತೆ."