ಭಾವನ ಬ್ರಾಂಚು

ಅಕ್ಕ ಕಿವಿ ಪರೀಕ್ಷೆ ಮಾಡುವವಳು, ತಂಗಿ ಪ್ರೋಗ್ರಾಂ ಬರೆಯುವವಳು. ಶ್ರವಣಯಂತ್ರ ಹಾಕಿಕೊಂಡವರು ಸಣ್ಣಪುಟ್ಟ ತೊಂದರೆಗೆಲ್ಲ ಕ್ಲಿನಿಕ್ಕಿಗೆ ಅಲೆಯದೆ, ಮನೆಯಲ್ಲೇ ಫೋನಿನಿಂದ ಅದನ್ನು ಸರಿಮಾಡಿಕೊಳ್ಳಲಿ ಎಂದು ಇಬ್ಬರೂ ಸೇರಿ ಒಂದು ಉಚಿತ ಆ್ಯಪ್ ಮಾಡಿದ್ದರು. ಬಳಸುವ ಬಗೆಯನ್ನು ವಿವರಿಸುವ ವೆಬ್‌ಸೈಟೂ ಇತ್ತು. ಅದರಲ್ಲಿ ಬಣ್ಣಬೆಡಗು ಇರಲಿಲ್ಲ. ಅಕ್ಷರ ದೊಡ್ಡದಾಗಿತ್ತು, ಅಷ್ಟೇ.

ಇಷ್ಟರಲ್ಲಿ ಭಾವನಿಗೆ ಬಿಡುವಾಯಿತು. ಜಾಹೀರಾತು ಕಂಪನಿಯವರು ಅವನನ್ನು ಹಾರ ಹಾಕಿ ಮನೆಗೆ ಕಳಿಸಿದ್ದರು. ಅವರು ಬಿಟ್ಟ ನಿಟ್ಟುಸಿರು ಕೇಳಿಸದಿದ್ದುದು ಅವನೊಬ್ಬನಿಗೇ. ಮರುದಿನವೇ ಅವನು ತನ್ನನ್ನು ತಾನೇ ಪ್ರಚಾರ ಪ್ರಮುಖನೆಂದು ನೇಮಿಸಿಕೊಂಡ. ಮನೆಯಲ್ಲಿ ರಗಳೆ ಬೇಡವೆಂದು ಅಕ್ಕ ವೆಬ್‌ಸೈಟಿನ ತನ್ನ ಪಾಸ್‌ವರ್ಡ್ ಕೊಟ್ಟಳು.

ತಂಗಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. "ನೋಡಿ ಭಾವ, ನಮ್ಮ ಕೆಲಸ ಎಲ್ಲಾ ಬೇರೆ ಬೇರೆ ಬ್ರಾಂಚಲ್ಲಿ ಇರುತ್ತೆ, ಒಂದೊಂದೂ ಬೇರೆ ಬೇರೆ ಪ್ರತಿ ಇದ್ದ ಹಾಗೆ. ಈ ಒಂದು ಬ್ರಾಂಚಲ್ಲಿ ಏನಿದೆಯೋ ಅದೇ ವೆಬ್‌ಸೈಟಾಗಿ ಜನಕ್ಕೆ ಕಾಣೋದು. ನಿಮಗೆ ಅಂತ ಒಂದು ಬ್ರಾಂಚ್ ಮಾಡಿದ್ದೀನಿ, ಅದರಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ಇದನ್ನ ಮಾತ್ರ ಮುಟ್ಟಬೇಡಿ."

"ಬ್ರಾಂಚ್ ಅಂದ್ರೇನು ಅಂತ ನನಗೇ ಹೇಳಿಕೊಡ್ತೀಯಾ? ನಾಲ್ಕು ಬ್ರಾಂಚಿಗೆ ಮ್ಯಾನೇಜರ್ ಆಗಿದ್ದೋನು ಕಣೇ ನಾನು!"

ನಾಲ್ಕಕ್ಕೂ ಬೀಗ ಬಿದ್ದದ್ದನ್ನು ತಂಗಿ ನೆನಪಿಸಲಿಲ್ಲ.

ಅವಳು ಹಲ್ಲು ಕೀಳಿಸಿಕೊಳ್ಳಲು ಹೋದ ಬೆಳಿಗ್ಗೆ ಅವನು ಅಕ್ಕನ ಕ್ಲಿನಿಕ್ಕಿನಲ್ಲಿ ಕೂತು ಸೆಟ್ಟಿಂಗ್ಸ್ ತೆರೆದು, ವೆಬ್‌ಸೈಟು ಇನ್ನು ಮೇಲೆ ತನ್ನ ಬ್ರಾಂಚಿನಿಂದಲೇ ಪ್ರಕಟವಾಗುವಂತೆ ಬದಲಾಯಿಸಿದ. ಸ್ವಲ್ಪ ಹೊತ್ತಿಗೆ ಸೂಚನೆಗಳೆಲ್ಲ ಮಾಯ. ಆ ಜಾಗದಲ್ಲಿ ಕೈಕಟ್ಟಿ ನಿಂತ ಭಾವ, ಗಲ್ಲಕ್ಕೆ ಬೆರಳಿಟ್ಟ ಭಾವ, ಕಿಟಕಿಯಾಚೆ ಭವಿಷ್ಯವನ್ನು ದಿಟ್ಟಿಸುತ್ತಿರುವ ಭಾವ. ಕೆಳಗೆ ಒಂದೇ ಸಾಲು: 'ಮೌನದಿಂದ ಮಹತ್ತಿನೆಡೆಗೆ.'

ಕ್ಲಿನಿಕ್ಕಿನ ಫೋನು ಬಡಿದುಕೊಳ್ಳತೊಡಗಿತು. ಅಕ್ಕ ಒಳಗೆ ಒಬ್ಬ ಹೆಂಗಸಿನ ಕಿವಿ ಪರೀಕ್ಷಿಸುತ್ತಿದ್ದಳು, ಭಾವನೇ ಎತ್ತಿಕೊಂಡ. ಯಂತ್ರ ಸೀಟಿ ಹೊಡೆಯುತ್ತಿದೆ, ಅದನ್ನು ನಿಲ್ಲಿಸುವ ಪುಟ ಎಲ್ಲಿ ಹೋಯಿತು ಎಂದು ನಿವೃತ್ತ ಮೇಷ್ಟರೊಬ್ಬರು ಕೇಳಿದರು.

"ಅದಿರಲಿ, ಹೊಸ ಲುಕ್ ಹೇಗಿದೆ ಸಾರ್?"

"ಯಾವ ಬುಕ್ಕು?"

"ಲುಕ್ಕು ಸಾರ್, ಲುಕ್ಕು!"

"ಬುಕ್ಕು ಬೇಡಪ್ಪಾ, ಈ ಸೀಟಿ ನಿಲ್ಲಿಸು!"

ಭಾವ ಗಂಟಲು ಹರಿಯುವಂತೆ ಕೂಗಿದ. ಒಳಗಿದ್ದ ಹೆಂಗಸು, ತನಗೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತಿದೆ ಎಂದು ಹೇಳಿ ಎದ್ದು ಹೋದಳು.

ಅಕ್ಕ ಹೊರಗೆ ಬಂದು ಪರದೆ ನೋಡಿದಳು. "ಇದೇನ್ರೀ ಇದು?"

"ಬ್ರಾಂಡಿಂಗ್. ಜನಕ್ಕೆ ಮೊದಲು ಒಂದು ಮುಖ ಬೇಕು ಕಣೇ."

"ನಿಮ್ಮ ಮುಖ ನೋಡಿದ್ರೆ ಯಾರಿಗೂ ಕಿವಿ ಕೇಳ್ಸಲ್ಲ ರೀ."

ಮದುವೆಯಾದಂದಿನಿಂದ ಅವನ ಮಾತಿಗೆಲ್ಲ ತಲೆಯಾಡಿಸಿದವಳು ಅವಳು. ಅಂದುಬಿಟ್ಟ ಮೇಲೆ ಭಯವಾಗಲಿಲ್ಲ, ಹಗುರವಾಯಿತು.

ತಂಗಿ ಊದಿದ ಕೆನ್ನೆ ಹಿಡಿದುಕೊಂಡೇ ಬಂದಳು. ಹಳೆಯ ಬ್ರಾಂಚು ಹಾಗೇ ಇತ್ತು, ಒಂದಕ್ಷರವೂ ಹೋಗಿರಲಿಲ್ಲ. ಸೆಟ್ಟಿಂಗ್ಸಿನಲ್ಲಿ ಮತ್ತೆ ಅದನ್ನೇ ಆರಿಸಿದಳು, ಪುಟಗಳು ಮರಳಿದವು. ಅಕ್ಕ ಪಾಸ್‌ವರ್ಡ್ ಬದಲಿಸಿ, ಮೇಷ್ಟರಿಗೆ ಲಿಂಕ್ ಕಳಿಸಿದಳು. ಸೀಟಿ ನಿಂತಿತೆಂದು ಉತ್ತರ ಬಂತು.

ಹೆಂಗಸರಿಗೆ ದೊಡ್ಡದಾಗಿ ಯೋಚಿಸಲು ಬರುವುದಿಲ್ಲ, ಅದಕ್ಕೇ ತಾನಾಗಿ ಬಿಟ್ಟುಬಂದೆ ಎಂದು ಭಾವ ಈಗ ನೆಂಟರ ಮುಂದೆ ಹೇಳಿಕೊಳ್ಳುತ್ತಾನೆ. ಅವನ ಬ್ರಾಂಚು ಇನ್ನೂ ಅಲ್ಲೇ ಬಿದ್ದಿದೆ. ಅಳಿಸಲು ತಂಗಿಗೆ ಒಂದು ಗಳಿಗೆ ಸಾಕು. ಆ ಗಳಿಗೆಯನ್ನೂ ಅವನಿಗಾಗಿ ಖರ್ಚು ಮಾಡಲು ಅವಳಿಗೆ ಮನಸ್ಸಿಲ್ಲ.