ಹಾಲು ಮತ್ತು ಆಲು

ನಾನೊಂದು ಕೈಪಿಡಿ. ಎರಡನೇ ತರಗತಿಯ ಮಕ್ಕಳಿಗೆ ಓದು ಕಲಿಸುವಾಗ ಟೀಚರು ಏನು ಹೇಳಬೇಕು ಎಂಬುದೆಲ್ಲ ನನ್ನ ಮೈತುಂಬ ಅಚ್ಚಾಗಿದೆ. ಮುದ್ರಣಾಲಯದಲ್ಲಿ ಒಂದೇ ದಿನ ನಾವು ಸಾವಿರಾರು ಕೈಪಿಡಿಗಳು ಹುಟ್ಟಿದೆವು. ಎಲ್ಲರದೂ ಒಂದೇ ಮಾತು. ಮಗು ಸರಿಯಾಗಿ ಓದಿದರೆ, "ಭೇಷ್. ಮುಂದೆ ಓದು." ತಪ್ಪಿದರೆ, "ತಪ್ಪು. ಮತ್ತೆ ಓದು." ಮೂರು ಸಲ ತಪ್ಪಿದರೆ ಅಕ್ಷರ ಗುಂಪಿಗೆ. ಆ ಗುಂಪಿನವರಿಗೆ ಕಥೆ ಪುಸ್ತಕ ಕೊಡುವುದಿಲ್ಲ, ಬರೀ ಅ ಆ ಇ ಈ.

ಕೊಳ್ಳೇಗಾಲದ ಕಡೆಯ, ಎಲ್ಲ ತರಗತಿಗೂ ಒಂದೇ ಕೋಣೆಯಿರುವ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಿರಿಜಾಂಬ ಟೀಚರ ಕೈಸೇರಿದೆ. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ನನಗೆ ಹೊದಿಕೆ ಹಾಕಿದರು. ಆದರೆ ಪಾಠ ಮಾಡುವಾಗ ನನ್ನನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಮಕ್ಕಳ ಕಣ್ಣು, ತುಟಿ, ಬೆರಳು ನೋಡುತ್ತಿದ್ದರು. ನೋಡಿದ್ದನ್ನು ನನ್ನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. "ಸಿದ್ದಪ್ಪಾಜಿ ಬೋರ್ಡಿನ ಹತ್ತಿರ ಕೂತರೆ ಓದುತ್ತಾನೆ. ಕಣ್ಣು ಪರೀಕ್ಷೆ ಮಾಡಿಸಬೇಕು."

ಹೇಮಲತಾ ಎಂಬ ಹುಡುಗಿ 'ಹಾಲು' ಎಂದಿದ್ದ ಕಡೆ 'ಆಲು' ಎಂದು ಓದಿದಳು. ನನ್ನ ಪ್ರಕಾರ ಅದು ತಪ್ಪು. ಟೀಚರು ತಪ್ಪೆನ್ನಲಿಲ್ಲ. ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆದು, "ಹಸು ಕೊಡೋದು ಯಾವುದವ್ವಾ?" ಎಂದರು.

ಅವಳು ಓಡಿಹೋಗಿ 'ಹಾಲು' ಮುಟ್ಟಿದಳು. "ಇದು ಮಿಸ್, ಆಲು!"

ಟೀಚರು ನಕ್ಕು ಅಂಚಿನಲ್ಲಿ ಬರೆದರು: "ಹೇಮಾಗೆ ಹ ಗೊತ್ತು. ಊರಿನ ಬಾಯಲ್ಲೇ ಹ ಇಲ್ಲ. ಓದು ಸರಿಯಿದೆ."

ಡಿಸೆಂಬರಿನ ಒಂದು ಬೆಳಿಗ್ಗೆ, ನಮ್ಮನ್ನು ಶಾಲೆಗಳಿಗೆ ಹಂಚಿದ ಯೋಜನೆಯ ಅಧಿಕಾರಿ ಬಂದರು. ನನ್ನನ್ನು ತೆರೆದು ಮುಖ ಗಂಟಿಕ್ಕಿದರು. "ಏನ್ ಮೇಡಂ ಹಿಂಗೆ ಗೀಚಿದ್ದೀರಾ? ಇದ್ರಲ್ಲಿರೋದನ್ನ ಹೇಳಿ ಸಾಕು. ನಿಮ್ಮ ಸ್ವಂತದ್ದು ಬೇಡ."

"ಸಾರ್, ಈ ಮಗು ಚೆನ್ನಾಗಿ ಓದುತ್ತೆ. ಮಾತು ಮಾತ್ರ ಮನೇದು."

"ಅದಕ್ಕೆ ಕಾಲಂ ಇಲ್ಲ ಮೇಡಂ."

ಹೇಮಾಳನ್ನು ನಿಲ್ಲಿಸಿ ಅವರೇ ಓದಿಸಿದರು.

"ಆಲು."

"ತಪ್ಪು. ಮತ್ತೆ ಓದು."

"ಆಲು." ದನಿ ಸಣ್ಣಗಾಗಿತ್ತು.

"ತಪ್ಪು. ಮತ್ತೆ ಓದು."

ಆ ಮಾತು ನನ್ನದೇ. ಮೂರನೇ ಸಲ ಹುಡುಗಿ ಬಾಯಿ ತೆರೆಯಲಿಲ್ಲ. 'ಅಕ್ಷರ ಗುಂಪು' ಎಂದು ಬರೆದುಕೊಂಡ ಅಧಿಕಾರಿ ಗಡಿಯಾರ ನೋಡಿ ಅವಸರಪಟ್ಟರು. "ಒತ್ತಾಯ್ತು ಮೇಡಂ, ಒರಡ್ತೀನಿ." ಅವರಿಗೆ ಯಾರೂ ತಪ್ಪು ಎನ್ನಲಿಲ್ಲ.

ಶಾಲೆಯ ಹಾಲು ಹಂಚುತ್ತಿದ್ದ ಅಡುಗೆಯ ಕೆಂಪಮ್ಮ ಲೋಟ ಹಿಡಿದು ಬಂದರು. ಸೆರಗಿನಿಂದ ಮಗುವಿನ ಮುಖ ಒರೆಸಿದರು. "ಅಳಬ್ಯಾಡ ಕಣವ್ವ, ಬಿಸಿ ಆಲು ಕುಡಿ."

"ಅಂಗನ್ಬ್ಯಾಡಕ್ಕ," ಎಂದಳು ಹೇಮಾ. "ಅದು ತಪ್ಪು."

ಅಂದಿನಿಂದ ಎಲ್ಲರೂ ಒಟ್ಟಿಗೆ ಓದುವಾಗ ಅವಳು ತುಟಿ ಮಾತ್ರ ಆಡಿಸುತ್ತಿದ್ದಳು. ಟೀಚರು ನನ್ನನ್ನು ಮುಚ್ಚಿಟ್ಟು ದಿನವೂ ಅವಳ ಪಕ್ಕ ಕೂತು ಕಥೆ ಓದಿದರು. ಹುಡುಗಿ ಕಣ್ಣಿನಲ್ಲೇ ಸಾಲು ಹಿಡಿದು ಬರುತ್ತಿದ್ದಳು, ದನಿ ಬರಲಿಲ್ಲ.

ಜೂನಿನಲ್ಲಿ ಟೀಚರಿಗೆ ವರ್ಗವಾಯಿತು. ಹೋಗುವ ದಿನ ನನ್ನ ಮೊದಲ ಪುಟದಲ್ಲಿ ನೀಲಿ ಶಾಯಿಯಿಂದ ಬರೆದರು: "ಹೇಮಲತಾ ಓದುತ್ತಾಳೆ. ದಯವಿಟ್ಟು ಅವಳ ಪಕ್ಕ ಕೂತು ಕೇಳಿ." ಹೊಸ ಟೀಚರಿಗೆ ಕಾಣುವಂತೆ ಮೇಜಿನ ಮೇಲಿಟ್ಟರು.

ಹೊಸ ಟೀಚರು ಹೊಸ ಆವೃತ್ತಿಯ ಕೈಪಿಡಿಯೊಂದಿಗೇ ಬಂದರು. ನನ್ನನ್ನು ತೆರೆಯದೆ ಬೀರುವಿನ ತಳಕ್ಕೆ ಹಾಕಿದರು. ಅವರು ಕೆಟ್ಟವರಲ್ಲ, ಮೇಜು ಖಾಲಿ ಮಾಡಬೇಕಿತ್ತು ಅಷ್ಟೆ.

ಇಲ್ಲಿಂದ ಮಕ್ಕಳು ಒಟ್ಟಿಗೆ ಓದುವುದು ಕೇಳಿಸುತ್ತದೆ. ಅದರಲ್ಲಿ ಹೇಮಾಳ ದನಿ ಇಲ್ಲವೆಂದು ನನಗೆ ತಿಳಿಯುತ್ತದೆ. ನನ್ನೊಳಗೆ 'ಹೇಳಿ' ಎಂಬ ಮಾತು ಪುಟಪುಟಕ್ಕೂ ಇದೆ. 'ಕೇಳಿ' ಎಂದು ಇರುವುದು ಒಂದೇ ಕಡೆ, ಗಿರಿಜಾಂಬ ಟೀಚರ ಕೈಬರಹದಲ್ಲಿ. ಇಲಿಯೊಂದು ನನ್ನನ್ನು ಮೊದಲ ಪುಟದಿಂದಲೇ ಕಡಿಯಲು ಶುರುಮಾಡಿದೆ.